ಚಾಚಾ ಜೋಪಾನವಾಗಿಟ್ಟ ಕಾಗದ

ದಯವಿಟ್ಟು ಇದನ್ನು ಓದದೆ ಮುಂದೆ ಕಳಿಸಬೇಡಿ... ಓದದೆ ಮಾಡಿದ ಒಂದು ಸೈನಿನ ಕಥೆ ಇದು. ಆ ಸೈನ್ ಮಾಡಿಸಿದವಳು ನಾನೇ.

ಆಗ ನಾನು ಲಾ ಕಾಲೇಜಿನ ಕೊನೆಯ ವರ್ಷದಲ್ಲಿದ್ದೆ. ವಿದ್ಯಾರ್ಥಿಗಳೇ ನಡೆಸುವ ಕಾನೂನು ಪತ್ರಿಕೆಗೆ ಸಂಪಾದಕಿ.

ನಮ್ಮ ಪತ್ರಿಕೆಯನ್ನು ಓದುತ್ತಿದ್ದವರು ಅದರಲ್ಲಿ ಬರೆದವರು ಮಾತ್ರ... ಅವರೂ ತಮ್ಮ ಲೇಖನವನ್ನಷ್ಟೇ!

ಅದಕ್ಕೇ ಪಾಡ್‌ಕಾಸ್ಟ್ ಶುರು ಮಾಡಿದೆವು. ವಿಷಯ, ಕಾನೂನು ಮತ್ತು ತಂತ್ರಜ್ಞಾನ.

ಆ ವರ್ಷ ಕಾಲೇಜಿದ್ದ ನಗರದ ಬೀದಿ ವ್ಯಾಪಾರಿಗಳನ್ನೆಲ್ಲ ಪಾಲಿಕೆಯವರು ಮೊಬೈಲ್ ಆ್ಯಪಿನಲ್ಲಿ ಎಣಿಸಿದ್ದರು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಫುಟ್‌ಪಾತಿನಲ್ಲಿ ಜಾಗ.

ಕಾಲೇಜಿನ ಗೇಟಿನೆದುರು ಕೂರುತ್ತಿದ್ದ ಟೇಲರ್ ರಾಜೇಸಾಬ ಚಾಚಾ ಹೆಸರು ಅದರಲ್ಲಿ ಇರಲಿಲ್ಲ.

ಎಣಿಸಲು ಬಂದ ದಿನ ಅವರು ಹೊಲಿಗೆ ಮಷಿನ್ ರಿಪೇರಿಗೆ ಒಯ್ದಿದ್ದರು. ಆ್ಯಪಿಗೆ ಖಾಲಿ ಫುಟ್‌ಪಾತಿನ ಫೋಟೋ ಹೋಗಿತ್ತು.

ಇಪ್ಪತ್ತೆಂಟು ವರ್ಷ ಅದೇ ಬೇವಿನ ಮರದ ಕೆಳಗೆ ವಕೀಲರ ಕಪ್ಪು ಕೋಟಿಗೆ ಗುಂಡಿ ಹಚ್ಚಿದವರು, ಕೊರಳಿಗೆ ಕಟ್ಟುವ ಬಿಳಿ ಬ್ಯಾಂಡ್ ಹೊಲಿದುಕೊಟ್ಟವರು...

ಒಳ್ಳೆಯ ಎಪಿಸೋಡ್ ಸಿಕ್ಕಿತು ಅಂತ ನಮಗೆ ಖುಷಿಯಾಯಿತು. ಹೌದು, ಖುಷಿಯೇ... ಈಗ ಸುಳ್ಳು ಹೇಳಿ ಏನು ಪ್ರಯೋಜನ?

ಯಾರದೇ ಧ್ವನಿ ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿಸಬೇಕು ಎಂಬುದು ನಮ್ಮ ಪತ್ರಿಕೆಯ ನಿಯಮ. ಎರಡು ಪುಟ, ಪೂರ್ತಿ ಇಂಗ್ಲಿಷ್.

“ಇದರಾಗ ಏನ್ ಬರದೈತವ್ವಾ?” ಚಾಚಾ ಕೇಳಿದರು.

“ಸುಮ್ನ ಫಾರ್ಮಾಲಿಟಿ ಚಾಚಾ... ಇಲ್ಲೊಂದು ಸೈನ್ ಮಾಡ್ರಿ.”

ಕನ್ನಡಕ ಸರಿಮಾಡಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ಸೈನ್ ಮಾಡಿದರು. “ನನಗೊಂದು ಕಾಪಿ ಕೊಡವ್ವಾ” ಅಂದರು. ಕೊಟ್ಟೆ.

ಹೆಸರು, ತಂದೆಯ ಹೆಸರು, ಎಷ್ಟು ವರ್ಷದಿಂದ ಇಲ್ಲಿ ಕೂರುತ್ತಿದ್ದೀರಿ... ನಾನು ಎಲ್ಲ ಕೇಳಿದೆ. ಅವರು ಜಡ್ಜ್ ಮುಂದೆ ನಿಂತವರ ಹಾಗೆ ಕೈಕಟ್ಟಿ, ಮೈಕಿನತ್ತ ಬಾಗಿ ಉತ್ತರ ಕೊಟ್ಟರು.

ಕೊನೆಗೆ ಮೆಲ್ಲಗೆ, “ನನ್ನ ಜಾಗ ಉಳೀತೈತಲ್ಲವ್ವಾ?” ಅಂದರು.

“ಚಿಂತಿ ಮಾಡಬ್ಯಾಡ್ರಿ ಚಾಚಾ. ನಿಮ್ಮ ಮಾತು ಎಲ್ಲಿಗೆ ಮುಟ್ಟಬೇಕೋ ಅಲ್ಲಿಗೆ ಮುಟ್ಟತೈತಿ.”

ನನ್ನ ಈ ಡೈಲಾಗು ನನಗೇ ಎಷ್ಟು ಹಿಡಿಸಿತೆಂದರೆ, ಎಪಿಸೋಡ್ ಮುಗಿಯುವುದೇ ಅದರಿಂದ.

ಪಟ್ಟಿಗೆ ಆಕ್ಷೇಪಣೆಯ ಅರ್ಜಿ ಕೊಡಲು ಮೂವತ್ತು ದಿನಗಳ ಗಡುವಿತ್ತು. ಅವತ್ತಿಗೆ ಇನ್ನೂ ಹನ್ನೆರಡು ದಿನ ಉಳಿದಿದ್ದವು.

ಅದು ನನಗೆ ಗೊತ್ತಿತ್ತು. ಆ ಗಡುವಿನ ಬಗ್ಗೆಯೇ ಎಪಿಸೋಡಿನಲ್ಲಿ ನಾಲ್ಕು ನಿಮಿಷ ಮಾತಾಡಿದ್ದೇನೆ!

ಚಾಚಾಗೆ ಮಾತ್ರ ಹೇಳಲಿಲ್ಲ. ಅವರಿಗೆ ಗೊತ್ತಿರುತ್ತದೆ ಅಂದುಕೊಂಡಿದ್ದೆ ಅಂತ ಆಮೇಲೆ ಎಷ್ಟೋ ಸಲ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ಆ ಯೋಚನೆಯೇ ಬಂದಿರಲಿಲ್ಲ.

ನಮ್ಮ ಪತ್ರಿಕೆಯಲ್ಲಿ ಏನೇ ಹೊರಬರಲಿ, ಇಬ್ಬರು ಪ್ರೊಫೆಸರುಗಳು ಪರಿಶೀಲಿಸಬೇಕು. ಒಂದು ತೀರ್ಪಿನ ಇಸವಿ ಸರಿಯೋ ತಪ್ಪೋ ಅಂತಲೇ ಒಂದು ವಾರ ಜಗಳವಾಡಿದೆವು. ಎಪಿಸೋಡ್ ಹೊರಬರಲು ಎರಡು ತಿಂಗಳು ಹಿಡಿಯಿತು.

ಅಷ್ಟರಲ್ಲಿ ಪರೀಕ್ಷೆ ಮುಗಿಸಿ ನಾನು ಊರಿಗೆ ಹೋಗಿದ್ದೆ. ಅಂತರ ಕಾಲೇಜು ಸ್ಪರ್ಧೆಯಲ್ಲಿ ನಮ್ಮ ಎಪಿಸೋಡಿಗೆ ಮೊದಲ ಬಹುಮಾನ ಬಂತು ಅಂತ ಫೋನ್ ಬಂದಾಗ ಓಡೋಡಿ ಬಂದೆ.

ವೇದಿಕೆಯಲ್ಲಿ ನನ್ನದೇ ಸಾಲುಗಳನ್ನು ಕೇಳಿಸಿದರು... “ಅರ್ಥವಾಗದ ಭಾಷೆಯಲ್ಲಿ ‘ಒಪ್ಪಿದ್ದೇನೆ’ ಎಂದು ಒತ್ತಿಸಿಕೊಂಡರೆ ಅದು ಒಪ್ಪಿಗೆಯೇ ಅಲ್ಲ.”

ಚಪ್ಪಾಳೆಯೋ ಚಪ್ಪಾಳೆ!

ಮರುದಿನ ಶೀಲ್ಡ್ ಮತ್ತು ಇಯರ್‌ಫೋನ್ ಹಿಡಿದು ಗೇಟಿಗೆ ಹೋದೆ. ಚಾಚಾಗೆ ಅವರ ಧ್ವನಿ ಕೇಳಿಸಬೇಕಿತ್ತು.

ಬೇವಿನ ಮರದ ಕೆಳಗೆ ಬೇರೆ ಯಾರೋ ಮೊಬೈಲ್ ಕವರ್ ಮಾರುತ್ತಿದ್ದರು. ನೆಲದ ಮೇಲೆ ಹಳದಿ ಬಣ್ಣದಲ್ಲಿ ಪಟ್ಟಿಯಲ್ಲಿನ ಆ ವ್ಯಾಪಾರಿಯ ನಂಬರು...

ಮನೆ ಹುಡುಕಿಕೊಂಡು ಹೋದೆ. ಚಾಚಾ ಕಟ್ಟೆಯ ಮೇಲೆ ಕೂತು ಪಕ್ಕದ ಮನೆಯವರ ದಿಂಬಿನ ಕವರ್ ಹೊಲಿಯುತ್ತಿದ್ದರು.

ನನಗೆ ಸಿಟ್ಟೇ ಬಂತು. “ಅರ್ಜಿ ಯಾಕ ಕೊಡಲಿಲ್ರಿ ಚಾಚಾ?”

ಅವರು ತಲೆಯೆತ್ತಿ ನೋಡಿದರು.

“ಕೊಟ್ಟಿದ್ನಲ್ಲವ್ವಾ... ನಿನ್ನ ಕೈಯಾಗ!”

ಮಷಿನ್ನಿನ ಡ್ರಾವರಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ನಾಲ್ಕು ಮಡಿಕೆ ಮಾಡಿ ಇಟ್ಟ ನಮ್ಮ ಒಪ್ಪಿಗೆ ಪತ್ರ.

“ಹೆಸರು ಕೇಳಿದಿ, ಅಪ್ಪನ ಹೆಸರು ಕೇಳಿದಿ, ಸೈನ್ ತಗೊಂಡಿ, ಕಾಪಿ ಕೊಟ್ಟಿ... ಅರ್ಜಿ ಅಂದ್ರ ಇದ ಅಂತ ತಿಳಕೊಂಡೆ. ಜಾಗ ಬಿಡಸಾಕ ಬಂದಾಗ ಇದನ್ನ ತೋರಿಸಿದೆ. ಓದಿ ನಕ್ಕಬಿಟ್ರವ್ವಾ...”

ಆ ಕಾಗದದ ಎರಡು ಪುಟಗಳಲ್ಲಿ ಇದ್ದದ್ದು ಇಷ್ಟೇ. “ಪತ್ರಿಕೆ ನನ್ನ ಧ್ವನಿಯನ್ನು ಬಳಸಿಕೊಳ್ಳಲು ನನ್ನ ಪೂರ್ಣ ಒಪ್ಪಿಗೆ ಇದೆ.”

ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ. ಚಾಚಾನೇ ಒಳಗಿನಿಂದ ನೀರು ತಂದುಕೊಟ್ಟರು. ಅದರ ಜೊತೆಗೆ ಪೇಪರಿನಲ್ಲಿ ಸುತ್ತಿದ ಒಂದು ಪೊಟ್ಟಣ.

ಬಿಚ್ಚಿದೆ. ವಕೀಲರು ಕಟ್ಟುವ ಬಿಳಿ ಬ್ಯಾಂಡ್... ಹೊಸದು.

“ಸೈನ್ ಮಾಡಿದ ದಿನಾನ ಹೊಲದಿಟ್ಟಿದ್ದೆ. ನನ್ನ ಕೇಸ್ ಹಿಡದಾಕಿ ನೀನ ಅಲ್ಲೇನವ್ವಾ... ಬರಿಗೊರಳಲೆ ಕೋರ್ಟಿಗೆ ಹೆಂಗ ಹೋಗತಿ?”

ಅವರು ಬೈದಿದ್ದರೆ ಚೆನ್ನಾಗಿತ್ತು. ಒಂದು ಮಾತೂ ಬೈಯಲಿಲ್ಲ.

ಅಂದೇ ಕನ್ನಡದಲ್ಲಿ ಅರ್ಜಿ ಬರೆದೆ. ಒಂದೊಂದು ಸಾಲನ್ನೂ ಓದಿ ಹೇಳಿ, ಅವರು ತಲೆಯಾಡಿಸಿದ ಮೇಲೆ ಸೈನ್ ಹಾಕಿಸಿದೆ. ತಡವಾದದ್ದಕ್ಕೆ ಕಾರಣ ಎಂಬಲ್ಲಿ ನನ್ನ ಹೆಸರು, ನಾನು ಮಾಡಿದ ತಪ್ಪು ಎರಡನ್ನೂ ಬರೆದೆ.

ಅರ್ಜಿ ತಿರಸ್ಕೃತವಾಯಿತು. ಗಡುವು ಮುಗಿದಿದೆ ಅಂದರು. ಚಾಚಾ ಮತ್ತೆ ಆ ಮರದ ಕೆಳಗೆ ಕೂರಲೇ ಇಲ್ಲ.

ಈಗ ನಾನು ವಕೀಲೆ. ಶೀಲ್ಡ್ ಕಾಲೇಜಿನ ಗಾಜಿನ ಕಪಾಟಿನಲ್ಲಿದೆ, ಬ್ಯಾಂಡ್ ನನ್ನ ಕೊರಳಲ್ಲಿದೆ. ದಿನವೂ ಅದನ್ನು ಕಟ್ಟಿಕೊಳ್ಳುವಾಗ ಆ ಹನ್ನೆರಡು ದಿನ ನೆನಪಾಗುತ್ತವೆ...

ಓದಿ ಹೇಳದೆ ಯಾರ ಸೈನನ್ನೂ ನಾನು ಈಗ ತೆಗೆದುಕೊಳ್ಳುವುದಿಲ್ಲ. ಅದರಿಂದ ಚಾಚಾಗೇನೂ ಆಗಲಿಲ್ಲ ಅನ್ನುವುದೂ ಗೊತ್ತು.

*ಒಬ್ಬರ ಕಷ್ಟವನ್ನು ಊರಿಗೆಲ್ಲ ಕೇಳಿಸುವ ಮುಂಚೆ, ಅವರಿಗೆ ಬೇಕಾದ ಒಂದು ಮಾತನ್ನು ಅವರಿಗೆ ಹೇಳಿ.*

ಮೊನ್ನೆ ಯಾರದೋ ಕಣ್ಣೀರಿನ ವಿಡಿಯೋ ಶೇರ್ ಮಾಡಿದಿರಲ್ಲ... ಆಮೇಲೆ ಅವರು ಏನಾದರು ಅಂತ ಒಂದು ಸಲವಾದರೂ ಕೇಳಿದಿರಾ?