ಕರಿ ಬಣ್ಣದ ಜಾಯಿಂಟು

ಎಂಜಿನ್ ಬದಲಾಯಿಸಿದ ಎರಡು ಜೀಪು ಶೆಡ್ಡಿನಲ್ಲಿ ನಿಂತಿದ್ದವು. ಒಂದು ಟೀಚರಮ್ಮನದು, ಇನ್ನೊಂದು ಮೆಕ್ಯಾನಿಕ್ ರೇಣುಕಪ್ಪನ ಅಳಿಯನದು. ಎರಡಕ್ಕೂ ಸ್ಟೇರಿಂಗ್ ರಾಡಿನ ನಡುವೆ ಜಾಯಿಂಟು ಬೇಕಿತ್ತು, ಸಿಕ್ಕ ಹೊಸದು ಒಂದೇ. ರೇಣುಕಪ್ಪ ಅದನ್ನು ಅಳಿಯನ ಗಾಡಿಗೆ ಹಾಕಿದ. ಗುಜರಿಯಿಂದ ತಂದ ಸವೆದದ್ದಕ್ಕೆ ಗ್ರೀಸು ತುಂಬಿ ಟೀಚರಮ್ಮನ ಗಾಡಿಗೆ ಬಿಗಿದ. ಆಮೇಲೆ ತನಗೇ ಗುರುತು ಹತ್ತದಂತೆ ಎರಡಕ್ಕೂ ಒಂದೇ ಕರಿ ಬಣ್ಣ ಬಳಿದ. ಪಕ್ಕದಲ್ಲೇ ಇದ್ದ ತಮ್ಮ ತಿಪ್ಪೇಶ ಎಲ್ಲಾ ನೋಡಿದ.

ಸಂಜೆ ಟೀಚರಮ್ಮ ಫೋನು ಮಾಡಿದರು.

"ನಾಳೆ ಮಕ್ಕಳನ್ನ ಕೂರಿಸ್ಕೊಂಡು ಘಾಟಿ ಇಳೀಬೇಕು. ಗಟ್ಟಿದೇ ಹಾಕಿದೀರಲ್ಲ ಅಣ್ಣ?"

"ಹೂಂ" ಅಂದ. ಮನೆಗೆ ಹೋಗಿ ಉಣ್ಣಲು ಕೂತವನು ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದ.

ಬೆಳಿಗ್ಗೆ ಒಬ್ಬನೇ ಬಂದು ಶೆಡ್ಡು ತೆಗೆದು, ಎರಡೂ ಜಾಯಿಂಟು ಬಿಚ್ಚಿ ಅದಲುಬದಲು ಮಾಡಿ ಬಿಗಿದ. ಅಳಿಯನಿಗೆ ಫೋನು ಮಾಡಿ, "ಇನ್ನೊಂದು ಹೊಸದು ಬರೋವರೆಗೂ ನಿಮ್ಮ ಗಾಡಿ ಮುಟ್ಟಬ್ಯಾಡ್ರಿ" ಅಂದ. ಅಷ್ಟರಲ್ಲಿ ಟೀಚರಮ್ಮ ಬಂದರು.

"ಘಾಟೀಲಿ ಫೋನು ಸಿಗಲ್ಲ ಅಣ್ಣ, ಊರು ಮುಟ್ಟಿ ಮಾತಾಡ್ತೀನಿ" ಎಂದು, ಚಕ್ರದ ಕೆಳಗಿಟ್ಟ ನಿಂಬೆಹಣ್ಣಿನ ಮೇಲೆ ಜೀಪು ಹಾಯಿಸಿ ಹೊರಟರು. ಹಿಂದಿನ ಸೀಟಿನಿಂದ ಮಕ್ಕಳು ಕೈ ಬೀಸಿದವು.

ತಿಪ್ಪೇಶ ಬಂದಾಗ ಮಧ್ಯಾಹ್ನವಾಗಿತ್ತು. ರೇಣುಕಪ್ಪ ತಾನೇ ಚಹಾ ತರಿಸಿ ಅವನ ಕೈಗೆ ಕೊಟ್ಟ.

"ನಿನ್ನೆ ನಿನ್ನ ಮುಂದೆ ತಲೆ ಎತ್ತಕ್ಕಾಗಲಿಲ್ಲ ಕಣೋ. ಅದಕ್ಕೇ ಬೆಳಿಗ್ಗೆ ಜಾಯಿಂಟು ಅದಲುಬದಲು ಮಾಡಿ ಕಳಿಸ್ದೆ."

ತಿಪ್ಪೇಶನ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಅಣ್ಣ, ನಿನ್ನೆ ನೀನು ಮನೆಗೆ ಹೋದ ಮೇಲೆ ನಾನೇ ಹೊಸದನ್ನ ಟೀಚರಮ್ಮನ ಗಾಡಿಗೆ ಹಾಕಿಟ್ಟಿದ್ದೆ."