ನೀಲವ್ವನ ಹನಿ ನೀರಾವರಿ

ಚಂದ್ರನ ಮೇಲಿನ ಗುಹೆಯೂರಿನಲ್ಲಿ ನೀರು ಕುಡಿಯುವುದಕ್ಕೇ ಅಳೆದು ಕೊಡುತ್ತಿದ್ದರು. ಗಿಡಕ್ಕೆಂದು ಒಂದು ತೊಟ್ಟೂ ಇಲ್ಲ. ನೀಲವ್ವ ಬಿಡಬೇಕಲ್ಲ! ನಡುಮನೆಯಲ್ಲಿ ಸೊಂಟದೆತ್ತರಕ್ಕೆ ಮಡಿ ಕಟ್ಟಿ, ಊರಿನಲ್ಲಿ ಉಳಿದಿದ್ದ ಕೊನೆಯ ಹಿಡಿ ಮೆಂತೆಯನ್ನು ತನ್ನ ಪಾಲಿನ ಕುಡಿಯುವ ನೀರಿನಲ್ಲೇ ನೆನೆಸಿ, ಮೊಳಕೆ ಬರಿಸಿ ಬಿತ್ತಿದಳು. ಮೇಲೆ ತಣ್ಣನೆಯ ತಗಡನ್ನು ಓರೆಯಾಗಿ ತೂಗುಹಾಕಿ, ಅದರ ಅಂಚಿನಿಂದ ಮಡಿಯುದ್ದಕ್ಕೂ ತೂತಿನ ಪೈಪು ಎಳೆದಳು. ಜನರ ಉಸಿರು ತಗಡಿಗೆ ತಾಗಿ ಹನಿಯಾದರೆ ಸಾಕು, ಮಡಿಗೆ ತಾನಾಗಿಯೇ ನೀರು.

ಮೊಳಕೆ ಬಾಡುವ ಮುಂಚೆ ಓಣಿಯ ಹೆಂಗಸರನ್ನೆಲ್ಲ ಕರೆದಳು. ಅವರೋ, ಪರೀಕ್ಷೆಗೆ ಕೂತವರಂತೆ ಉಸಿರು ಬಿಗಿಹಿಡಿದು ತಗಡನ್ನೇ ನೋಡುತ್ತ ಕುಳಿತರು. ಒಂದು ಹನಿಯೂ ಬೀಳಲಿಲ್ಲ.

"ನಾ ಮೊದಲ ಹೇಳಿದ್ದಿಲ್ಲೇನು?" ಎಂದ ಗಂಡ ರಾಚಪ್ಪ. ನಲವತ್ತು ವರ್ಷಗಳಿಂದ ಅವಳು ಮಾತು ತೆಗೆದರೆ ಸಾಕು, "ಬಾಯಿ ಮುಚ್ಚು" ಎನ್ನುತ್ತ ಬಂದ ಮನುಷ್ಯ.

ನೀಲವ್ವನಿಗೆ ರೇಗಿತು. "ನಮ್ಮ ಮದಿವ್ಯಾಗ ಇವ್ರು ಏನ್ ಮಾಡಿದ್ರು ಗೊತ್ತೈತೇನ್ರೇ? ತಾಳಿ ಕಟ್ಟೂಕಿಂತ ಮೊದಲ ಕದ್ದು ಹದಿನೇಳು ಹೋಳಿಗಿ ತಿಂದಿದ್ರು. ಬಗ್ಗಾಕ ಬರವಲ್ದು! ಕಡೀಕ ನಾನ ಸ್ಟೂಲ್ ಹತ್ತಿ ನಿಂತು ಕಟ್ಟಿಸ್ಕೊಂಡೆ!"

ಹೆಂಗಸರು ಬಿದ್ದು ಬಿದ್ದು ನಕ್ಕರು. ಒಬ್ಬಳ ಗಂಡನ ಕಥೆ ಇನ್ನೊಬ್ಬಳ ಅತ್ತೆಯ ಕಥೆಯನ್ನು ಎಳೆದು ತಂದಿತು. ತಗಡು ಮಸುಕಾಯಿತು, ಬೆವರಿತು, ಟಪ್ಪೆಂದು ಮೊದಲ ಹನಿ ಉದುರಿತು. ಪೈಪಿನಗುಂಟ ಮಣ್ಣು ಕಪ್ಪಾಗುತ್ತ ಹೋಯಿತು.

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು, ಗೆದ್ದ ಠೀವಿಯಲ್ಲಿ ಸುಮ್ಮನೆ ಕುಳಿತಳು.

ರಾಚಪ್ಪ ಮಡಿಯ ಮೇಲೆ ಬಗ್ಗಿ ನೋಡುತ್ತಿದ್ದ. "ಯಾಕ ನಿಲ್ಲಿಸಿದಿ? ಮಾತಾಡು, ಮಾತಾಡು! ಈ ಮೂಲಿಗೆ ಇನ್ನೂ ನೀರು ಮುಟ್ಟಿಲ್ಲ."