ಗೊತ್ತಾಗದ ಹಾಗೆ

ಅವಳು ಪೆನ್‌ಡ್ರೈವ್ ರೆಕಾರ್ಡಿಂಗ್ ಸ್ಟುಡಿಯೋದವನ ಮುಂದಿಟ್ಟಳು. “ನಮ್ಮ ಯಜಮಾನರು ಮನೇಲಿ ಹಾಡಿದ್ದು. ಅವರು ತೀರ್ಕೊಂಡ ಮೇಲೆ ಅತ್ತೆ ದಿನವಿಡೀ ಇದನ್ನೇ ಕೇಳ್ತಾರೆ, ಊಟಾನೂ ಬೇಡ ಅಂತಾರೆ. ಒಂದೇ ಸಲ ನಿಲ್ಲಿಸಿದ್ರೆ ತಡ್ಕೊಳಲ್ಲ. ವಾರವಾರ ಸ್ವಲ್ಪ ಸ್ವಲ್ಪ ಸೌಂಡ್ ಇಳಿಸಿಕೊಡ್ತೀರಾ? ಗೊತ್ತಾಗಬಾರದು.”

ಹಾಡಿನ ಕೊನೆಗೆ ಫೇಡ್ ಹಾಕುವುದು ಅವನಿಗೆ ದಿನದ ಕೆಲಸ. ಕಂಪ್ಯೂಟರಿನಲ್ಲಿ ಒಂದು ಗೆರೆಯನ್ನು ಓರೆಯಾಗಿ ಕೆಳಗೆಳೆದರೆ ಸಾಕು, ದನಿ ನುಣ್ಣಗೆ ಕರಗುತ್ತದೆ. ಆದರೆ ಆ ಗೆರೆಯನ್ನು ವಾರಗಟ್ಟಲೆ ಎಳೆಯುವುದು ಇದೇ ಮೊದಲು.

ನಡುವೆ ಒಂದು ಕಡೆ ಹಾಡು ನಿಲ್ಲಿಸಿ ಅವಳ ಯಜಮಾನರು, “ಕಾಫಿ ಆಯ್ತೇನೇ?” ಎಂದು ಕೇಳಿದ್ದರು.

“ಇದನ್ನ ಕಟ್ ಮಾಡ್ಲಾ ಮೇಡಂ?”

“ಬೇಡ. ಅತ್ತೆ ಕಾಯೋದೇ ಅದಕ್ಕೆ.”

ವಾರವಾರವೂ ಬಂದಳು. ಅತ್ತೆ ಹೇಗಿದ್ದಾರೆಂದು ಕೇಳಿದರೆ, “ಈಗೀಗ ಸ್ಪೀಕರ್‌ಗೇ ಕಿವಿ ಆನಿಸ್ಕೊಂಡು ಕೂರ್ತಾರೆ,” ಎನ್ನುವಳು.

ದನಿ ಪೂರ್ತಿ ಇಲ್ಲವಾಗಬೇಕಿದ್ದ ದಿನ ಜೊತೆಗೆ ಒಬ್ಬ ಅಜ್ಜಿಯೂ ಬಂದರು. “ನಮ್ಮತ್ತೆ. ಡಾಕ್ಟರ್ ಹತ್ರ ಹೋಗೋದಿದೆ,” ಎಂದು ಅವರನ್ನು ಕುರ್ಚಿಯಲ್ಲಿ ಕೂರಿಸಿ, ಅವಳು ಆಟೋ ಹಿಡಿಯಲು ಹೊರಗೆ ಹೋದಳು.

ಅಜ್ಜಿಯ ಮುಖ ನೋಡಿ ಅವನಿಗೆ ತಡೆಯಲಾಗಲಿಲ್ಲ. “ಅಮ್ಮಾ, ನಿಮ್ಮ ಮಗನ ಹಾಡು ಮೊದಲಿನ ಹಾಗೇ ಬೇಕಿದ್ರೆ ಹೇಳಿ. ಮಾಡ್ಕೊಡ್ತೀನಿ.”

ಅಜ್ಜಿ ಅವನ ತುಟಿಯನ್ನೇ ನೋಡಿದರು. ಆಮೇಲೆ ಕಿವಿ ಮುಟ್ಟಿಕೊಂಡು ಇಲ್ಲವೆಂದು ತಲೆಯಾಡಿಸಿದರು.

“ಬರೆದು ತೋರ್ಸಪ್ಪ. ನನ್ನ ಮಗನ ಮದುವೆಗೂ ಮುಂಚೇನೇ ನಂಗೆ ಎರಡೂ ಕಿವಿ ಹೋದ್ವು.”